ರಾಜ್ಯೋತ್ಸವಕ್ಕೆ ಮಕ್ಕಳಿಗೆ ‘ಹುಟ್ಟಿದರೆ ಕನ್ನಡ ನಾಡಲ್’ ಕಲಿಸುವುದು ಹೀಗೆ

ಪ್ರತಿ ಅಕ್ಟೋಬರ್‌ನಲ್ಲಿ ನನ್ನ ಹತ್ತಿರ ಇಪ್ಪತ್ತು ಇಪ್ಪತ್ತೈದು ಮಕ್ಕಳು ಹಾಡು ಕಲಿಯೋಕೆ ಬರುತ್ತಾರೆ. ‘ಇದು ನಮಗೆ ಬರುತ್ತೆ ಮಿಸ್’ ಅಂತಾರೆ. ಪಲ್ಲವಿ ಜೋರಾಗಿ ಹಾಡುತ್ತಾರೆ. ಚರಣ ಬಂದ ಕೂಡಲೇ ಎಲ್ಲರೂ ಗಪ್‌ಚುಪ್. ಹಾಗಾಗಿ ನಾನು ಕಲಿಸೋದು ಚರಣದಿಂದ.

ಮೊದಲ ದಿನ ರಾಗ ಬೇಡ. ಮಾತು ಓದಿಸಿ. ಕಾಶಿ, ಕಾಶ್ಮೀರ, ಜೋಗದ ಗುಂಡಿ, ಅಜಂತಾ, ಎಲ್ಲೋರ, ಬಾದಾಮಿ, ಐಹೊಳೆ, ಇಷ್ಟೂ ಜಾಗ ಒಂದೇ ಚರಣದಲ್ಲಿ ಬರುತ್ತವೆ. ಗೋಡೆಗೆ ಭಾರತದ ನಕ್ಷೆ ಹಾಕಿ ಒಂದೊಂದನ್ನೇ ಬೆರಳಿಟ್ಟು ತೋರಿಸಿ. ಆಮೇಲೆ ಸಾಲು ಮರೆಯೋದೇ ಇಲ್ಲ.

ಹಾಡಿನಲ್ಲಿ ‘ಬದುಕಿದು ಜಟಕಾಬಂಡಿ’ ಅಂತ ಬರುತ್ತಲ್ಲ, ‘ಜಟಕಾ ಅಂದ್ರೆ ಏನು ಮಿಸ್?’ ಅಂತ ಕೇಳೇ ಕೇಳುತ್ತಾರೆ. ಆಗ ಹಾಡಿನ ದೃಶ್ಯ ತೋರಿಸಿ. 1993ರ ‘ಆಕಸ್ಮಿಕ’, ಟಿ.ಎಸ್. ನಾಗಾಭರಣ ನಿರ್ದೇಶನ. ಸಾಹಿತ್ಯ, ಸಂಗೀತ ಎರಡೂ ಹಂಸಲೇಖ. ಕುದುರೆ ಗಾಡಿ ಓಡಿಸುತ್ತಾ ಡಾ. ರಾಜ್‌ಕುಮಾರ್ ತಾವೇ ಹಾಡಿದ್ದಾರೆ. ಸ್ವಲ್ಪ ದೊಡ್ಡ ಮಕ್ಕಳಾದರೆ ಡಿವಿಜಿಯವರ ಕಗ್ಗವನ್ನೂ ಓದಿಸಿ. ‘ಬದುಕು ಜಟಕಾಬಂಡಿ’ ಅಂತ ಅವರು 1943ರಲ್ಲೇ ಬರೆದಿದ್ದರು. ಅದೇ ಬಂಡಿ ಐವತ್ತು ವರ್ಷದ ನಂತರ ಸಿನಿಮಾ ಹಾಡಿನಲ್ಲಿ ಓಡಿತು. ಇದನ್ನು ಹೇಳುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಈಗ ಉಚ್ಚಾರಣೆ. ಇದಕ್ಕೆ ಜಾಸ್ತಿ ಸಮಯ ಕೊಡಿ. ‘ಹುಟ್ಟಿದರೆ’, ‘ಮೆಟ್ಟಿದರೆ’, ಎರಡರಲ್ಲೂ ಎರಡನೇ ಅಕ್ಷರ ‘ಟ್ಟಿ’. ನಮ್ಮ ಹಳೆಯ ಕಾವ್ಯದ ಆದಿಪ್ರಾಸ ಅದೇ ಅಲ್ವಾ? ಆ ಒತ್ತು ಸಡಿಲ ಬಿಟ್ಟರೆ ಸಾಲಿಗೆ ಬೆನ್ನೆಲುಬೇ ಇರಲ್ಲ. ನಾಲಿಗೆ ಮೇಲಕ್ಕೆ ತಾಗಿ, ಒಂದು ಕ್ಷಣ ನಿಂತು, ಆಮೇಲೆ ಬಿಡಬೇಕು. ಇನ್ನೊಂದು, ‘ನಾಡಲ್ಲಿ’ ಅಲ್ಲ, ‘ನಾಡಲ್’. ಮಕ್ಕಳು ಅಭ್ಯಾಸಬಲದಿಂದ ‘ಲ್ಲಿ’ ಸೇರಿಸಿಬಿಡುತ್ತಾರೆ, ತಾಳ ಜಾರುತ್ತದೆ.

ತಾಳಕ್ಕೆ ತೆಂಗಿನ ಕರಟ ತನ್ನಿ. ಎರಡು ಹೋಳು ಮಗುಚಿ ಬೆಂಚಿನ ಮೇಲೆ ಟಕಟಕ ಬಡಿದರೆ ಸಾಕು, ಕುದುರೆ ಬಂದೇ ಬಿಡುತ್ತದೆ. ಆ ನಡಿಗೆ ಒಂದೇ ಸಮ ಇರಲಿ. ಉತ್ಸಾಹಕ್ಕೆ ಮಕ್ಕಳು ಓಡಿಸುತ್ತಾರೆ, ಆಗ ಕರಟ ಹಿಡಿದವರು ನಿಧಾನ ಮಾಡಬೇಕು.

ಶ್ರುತಿ ವಿಷಯದಲ್ಲಿ ಒಮ್ಮೆ ನಾನೇ ಎಡವಿದ್ದೇನೆ. ಮೂಲ ಹಾಡಿನ ಶ್ರುತಿಯ ಟ್ರ್ಯಾಕ್ ಹಾಕಿಬಿಟ್ಟೆ. ಅದು ಅಣ್ಣಾವ್ರ ದನಿಗೆ ಕೂರುವ ಶ್ರುತಿ. ಮಕ್ಕಳು ಕೆಳಗೂ ಇಳಿಯಲಾಗದೆ, ಮೇಲೂ ಏರಲಾಗದೆ ಒದ್ದಾಡಿದರು. ಒಬ್ಬ ಹುಡುಗಿಯಂತೂ ಅತ್ತೇ ಬಿಟ್ಟಳು. ಈಗ ಮೊದಲು ಮಕ್ಕಳ ಹತ್ತಿರ ಸುಮ್ನೆ ಹಾಡಿಸಿ, ಅವರ ಗಂಟಲಿಗೆ ಒಗ್ಗುವ ಶ್ರುತಿ ಹಿಡಿದು, ಹಾರ್ಮೋನಿಯಂನಲ್ಲೇ ನುಡಿಸುತ್ತೇನೆ.

‘ಸಿನಿಮಾ ಹಾಡು ಯಾಕೆ, ಭಾವಗೀತೆ ಹೇಳಿಕೊಡಿ’ ಅಂತ ಕೆಲವು ಪೋಷಕರು ಕೇಳುತ್ತಾರೆ. 2022ರ ಅಕ್ಟೋಬರ್ 28ರಂದು ರಾಜ್ಯವೆಲ್ಲ ಸೇರಿ ಹಾಡಿದ ಕೋಟಿ ಕಂಠ ಗಾಯನದಲ್ಲಿ ನಾಡಗೀತೆಯ ಜೊತೆ, ‘ಹಚ್ಚೇವು ಕನ್ನಡದ ದೀಪ’ದ ಜೊತೆ ಇದೂ ಇತ್ತು ಅಂತ ಹೇಳುತ್ತೇನೆ.

ಕೊನೆಯ ಅಭ್ಯಾಸದ ದಿನ ಮೈಕ್, ವಾದ್ಯ ಎಲ್ಲಾ ಬದಿಗಿಡಿ. ಕರಟ ಮಾತ್ರ ಇರಲಿ. ಚರಣವನ್ನು ಒಬ್ಬೊಬ್ಬರೇ ಒಂದೊಂದು ಸಾಲು ಹಾಡಲಿ, ಪಲ್ಲವಿಗೆ ಎಲ್ಲರೂ ಸೇರಲಿ.