ಮಳೆಯಲ್ಲಿ ಸೈಕಲ್ ಬ್ರೇಕ್: ನಾನು ಕಂಡಿದ್ದು

ಹನುಮಂತನಗರದಿಂದ ಜಯನಗರಕ್ಕೆ ದಿನಾ ಸೈಕಲ್ಲಿನಲ್ಲೇ ಹೋಗಿ ಬರುತ್ತೇನೆ. ಮಳೆಗಾಲದಲ್ಲೂ ಅಷ್ಟೇ.

ಶುರುವಾಗಿದ್ದು ಅಪ್ಪನ ಹಳೇ ಸೈಕಲ್ಲಿನಿಂದ. ಕ್ರೋಮ್ ಹಾಕಿದ ಸ್ಟೀಲ್ ರಿಮ್ಮು, ಕಂಬಿ ಬ್ರೇಕು. ಒಂದು ಸಂಜೆ ಜೋರು ಮಳೆಯಲ್ಲಿ ರಾಮಾಂಜನೇಯ ಗುಡ್ಡದ ಪಕ್ಕ ಇಳಿಯುತ್ತಿದ್ದೆ. ಎರಡೂ ಬ್ರೇಕ್ ಒತ್ತಿ ಹಿಡಿದರೂ ಗಾಡಿ ನಿಲ್ಲಲೇ ಇಲ್ಲ. ಕಾಲು ಊರಿ ಹೇಗೋ ನಿಲ್ಲಿಸಿದೆ, ಎದೆ ಢವಢವ ಅಂತಿತ್ತು. ಮಾರನೇ ದಿನ ಮೆಕ್ಯಾನಿಕ್ ಹತ್ತಿರ ಹೋದೆ. "ಬ್ರೇಕ್ ಸರಿಯಾಗೇ ಇದೆ ಸರ್. ನುಣ್ಣಗಿರೋ ಸ್ಟೀಲ್ ಒದ್ದೆಯಾದ್ರೆ ರಬ್ಬರ್ ಏನನ್ನ ಹಿಡ್ಕೊಳತ್ತೆ?" ಅಂದರು.

ಆಮೇಲೆ ಅಲ್ಯೂಮಿನಿಯಂ ರಿಮ್ಮಿನ ವಿ-ಬ್ರೇಕ್ ಸೈಕಲ್ ತಗೊಂಡೆ. ಎರಡು ತೋಳು ಎರಡೂ ಕಡೆಯಿಂದ ರಬ್ಬರನ್ನು ರಿಮ್ಮಿಗೆ ಒತ್ತುವ ಬ್ರೇಕ್ ಅದು. ಎಷ್ಟೋ ವಾಸಿ. ಆದರೂ ಬ್ರೇಕ್ ಒತ್ತಿದ ತಕ್ಷಣ ಹಿಡಿಯಲ್ಲ. ಮೊದಲು ರಬ್ಬರ್ ರಿಮ್ಮಿನ ಮೇಲಿನ ನೀರನ್ನು ಒರೆಸಬೇಕು. ಚಕ್ರ ಒಂದೆರಡು ಸುತ್ತು ಹಾಗೇ ತಿರುಗುತ್ತೆ, ಆಮೇಲೆ ಗಪ್ಪಂತ ಹಿಡಿಯುತ್ತೆ. ಆ ಒಂದೆರಡು ಸುತ್ತಿನಲ್ಲೇ ಮುಂದಿನ ಆಟೋ ಹತ್ತಿರ ಬಂದುಬಿಟ್ಟಿರುತ್ತೆ! ಅದಕ್ಕೇ ಸಿಗ್ನಲ್ ಇನ್ನೂ ದೂರ ಇರುವಾಗಲೇ ಮೆಲ್ಲಗೆ ಒತ್ತಿ ರಿಮ್ ಒರೆಸಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಮನೆಗೆ ಬಂದು ರಿಮ್ ಮುಟ್ಟಿದರೆ ಬೆರಳಿಗೆ ಕಪ್ಪು ಗಸಿ ಅಂಟುತ್ತೆ. ರಬ್ಬರ್ ಬಿಚ್ಚಿ ನೋಡಿ, ಮರಳು, ಮಿರಮಿರ ಅನ್ನೋ ಲೋಹದ ಚೂರು ಸಿಕ್ಕಿಕೊಂಡಿರುತ್ತೆ. ಬಿಟ್ಟರೆ ಅದು ರಿಮ್ಮನ್ನೇ ಕೆರೆದು ತಿನ್ನುತ್ತೆ. ನಾನು ಪಿನ್ನಿನಿಂದ ಒಂದೊಂದಾಗಿ ಕೀಳುತ್ತೇನೆ.

ಈಗ ಇರುವುದು ಹೈಡ್ರಾಲಿಕ್ ಡಿಸ್ಕ್, ಅಂದರೆ ದ್ರವದ ಒತ್ತಡದಿಂದ ಎರಡು ಪ್ಯಾಡ್ ಲೋಹದ ತಟ್ಟೆಯನ್ನು ಹಿಡಿಯುವ ಬ್ರೇಕ್. ಡಿಸ್ಕ್ ಇರುವುದು ಚಕ್ರದ ನಡುವೆ, ಹಾಗಾಗಿ ರಸ್ತೆಯ ಕೆಸರು ನೀರು ಅಷ್ಟಾಗಿ ತಾಗಲ್ಲ. ಚಿಕ್ಕ ಪ್ಯಾಡ್ ಬಿಗಿಯಾಗಿ ಒತ್ತುವುದರಿಂದ ನೀರು ಬೇಗ ಹೋಗುತ್ತೆ. ನೆಂದಾಗ ಕಿರ್ರೋ ಅಂತ ಕೂಗುತ್ತೆ, ಆದರೆ ಹಿಡಿಯುತ್ತೆ. ಖರ್ಚು ಇರುವುದು ಪ್ಯಾಡಿನಲ್ಲಿ. ರೆಸಿನ್ (ರಾಳದಂಥ ಅಂಟಿನಿಂದ ಕಟ್ಟಿದ) ಪ್ಯಾಡ್ ಕೆಸರು ಮಳೆಯಲ್ಲಿ ಬೇಗ ಸವೆಯಿತು, ಅದಕ್ಕೆ ಮೆಟಲ್ ಪ್ಯಾಡ್ ಹಾಕಿಸಿದೆ. ಇದು ಜಾಸ್ತಿ ಬಾಳಿಕೆ ಬರುತ್ತೆ. ಚೈನಿಗೆ ಎಣ್ಣೆ ಬಿಡುವಾಗ ಮಾತ್ರ ಡಿಸ್ಕಿಗೆ ಒಂದು ಹನಿಯೂ ಬೀಳಬಾರದು.

ಡಿಸ್ಕ್ ಇದೆ ಅಂತ ಜೋರಾಗಿ ಹೋಗಬೇಡಿ. ಕೊನೆಗೆ ರಸ್ತೆ ಹಿಡಿಯುವುದು ಟೈರು ಅಲ್ವಾ? ಬೇಸಿಗೆಯ ಮೊದಲ ಮಳೆಗೆ ಎಣ್ಣೆ, ಧೂಳು ಸೇರಿ ರಸ್ತೆ ಜಾರುತ್ತೆ. ಮ್ಯಾನ್‌ಹೋಲ್ ಮುಚ್ಚಳ, ಜೀಬ್ರಾ ಪಟ್ಟಿ, ಉದುರಿದ ಗುಲ್‌ಮೊಹರ್ ಹೂವಿನ ಮೇಲೆ ನಾನು ಬ್ರೇಕ್ ಮುಟ್ಟುವುದೇ ಇಲ್ಲ. ಅದಕ್ಕೆ ಮುಂಚೆಯೇ ನಿಧಾನ ಮಾಡಿರುತ್ತೇನೆ.

ವಿ-ಬ್ರೇಕ್ ಸೈಕಲ್ ಈಗ ಮಗಳದ್ದು. ಮೋಡ ಕವಿದ ದಿನ ನಾನೇ ರಿಮ್ ಒರೆಸಿ, "ಪುಟ್ಟಿ, ಮುಂಚೇನೇ ಒತ್ತು" ಅಂತ ಹೇಳಿ ಕಳಿಸುತ್ತೇನೆ.