ಕಲ್ಲಿಗೊಂದು ಡೆವಲಪರ್, ಆಕಾಶಕ್ಕೊಂದು

ಕಪ್ಪು-ಬಿಳುಪು ಫಿಲ್ಮ್‌ಗೆ ಯಾವ ಡೆವಲಪರ್ (ತೆಗೆದ ಚಿತ್ರವನ್ನು ಫಿಲ್ಮ್ ಮೇಲೆ ಮೂಡಿಸುವ ರಾಸಾಯನಿಕ ದ್ರಾವಣ) ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ಏನನ್ನು ತೆಗೆಯುತ್ತೀರಿ ಎಂದೇ ನಾನು ಮೊದಲು ವಿಚಾರಿಸುತ್ತೇನೆ. ಕೋಲಾರದಲ್ಲಿದ್ದುಕೊಂಡು ನಾನು ತೆಗೆಯುವುದು ಹೆಚ್ಚಾಗಿ ಕಲ್ಲನ್ನೇ: ಅಂತರಗಂಗೆ ಬೆಟ್ಟದ ಬಂಡೆಗಳು, ಸೋಮೇಶ್ವರ ದೇವಸ್ಥಾನದ ಕಂಬಗಳು.

ಟ್ರೈಪಾಡ್ ನಿಲ್ಲಿಸಿ, ಒಂದು ಬಂಡೆಯನ್ನು ಅದರ ಹಿಂದಿನ ಆಕಾಶದ ಸಮೇತ ಎಚ್‌ಪಿ5 ಪ್ಲಸ್ ಎಂಬ ಕಪ್ಪು-ಬಿಳುಪು ಫಿಲ್ಮ್ ರೋಲಿನ ಉದ್ದಕ್ಕೂ ಒಂದೇ ರೀತಿ ತೆಗೆದೆ. ಕತ್ತಲೆಯಲ್ಲಿ ರೋಲನ್ನು ಎರಡಾಗಿ ಕತ್ತರಿಸಿ, ಒಂದು ತುಂಡನ್ನು ರೋಡಿನಾಲ್ ಎಂಬ ಡೆವಲಪರ್ 1+50ರಲ್ಲಿ (ಒಂದು ಪಾಲಿಗೆ 50 ಪಾಲು ನೀರು), ಇನ್ನೊಂದನ್ನು ಐಡಿ-11 ಎಂಬ ಡೆವಲಪರ್ 1+1ರಲ್ಲಿ (ಸಮಪಾಲು ನೀರು) ತೊಳೆದೆ. ಒಣಗಿದ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ, ರೋಡಿನಾಲ್ ತುಂಡಿನಲ್ಲಿ ಬಂಡೆಗೆ ಅಂಟಿದ ಕಲ್ಲುಹೂವಿನ ಅಂಚು ಉಳಿಯಿಂದ ಗೀರಿದಷ್ಟು ಸ್ಪಷ್ಟ. ಆಕಾಶದಲ್ಲಿ ಮಾತ್ರ ಗ್ರೇನ್, ಅಂದರೆ ಚಿತ್ರವನ್ನು ರೂಪಿಸುವ ಬೆಳ್ಳಿಯ ಕಣಗಳ ತರಿ, ರವೆ ಚೆಲ್ಲಿದಂತೆ ಎದ್ದು ಕಾಣುತ್ತಿತ್ತು. ಬಂಡೆಯ ಮೇಲೆಯೂ ಅಷ್ಟೇ ಗ್ರೇನ್ ಇದ್ದರೂ ಕಲ್ಲಿನ ತರಿ ಅದನ್ನು ನುಂಗಿಬಿಟ್ಟಿತ್ತು. ಐಡಿ-11ರಲ್ಲಿ ಆಕಾಶ ನಯವಾಗಿತ್ತು, ಕಲ್ಲುಹೂವು ತುಸು ಮೆತ್ತಗಾಗಿತ್ತು.

ಇದಕ್ಕೆ ಕಾರಣ ಸೋಡಿಯಂ ಸಲ್ಫೈಟ್. ಐಡಿ-11ರ ಮೂಲ ದ್ರಾವಣದಲ್ಲಿ ಅದು ಲೀಟರಿಗೆ 100 ಗ್ರಾಂ ಇರುತ್ತದೆ. ಬೆಳ್ಳಿಯ ಹರಳುಗಳ ಅಂಚನ್ನು ಸ್ವಲ್ಪ ಕರಗಿಸುತ್ತದೆ. ಗ್ರೇನ್ ನಯವಾಗುವುದೂ ಅಂಚು ಮೆತ್ತಗಾಗುವುದೂ ಅದರಿಂದಲೇ. ಸಮಪಾಲು ನೀರು ಬೆರೆಸಿದರೆ ಆ ಪ್ರಭಾವ ತಗ್ಗಿ ಅಂಚು ಚುರುಕಾಗುತ್ತದೆ. 1891ರಿಂದಲೂ ಬಳಕೆಯಲ್ಲಿರುವ ರೋಡಿನಾಲ್‌ನ ತೆಳು ದ್ರಾವಣದಲ್ಲಿ ಸಲ್ಫೈಟ್ ತೀರಾ ಕಡಿಮೆ. ಹರಳು ಕರಗುವುದಿಲ್ಲ, ಅಂಚೂ ಗ್ರೇನೂ ಹಾಗೆಯೇ ಉಳಿಯುತ್ತವೆ. ಎರಡರಲ್ಲೊಂದನ್ನು ಮಾತ್ರ ಕೊಡು ಎಂದರೆ ಅದು ಕೊಡುವುದಿಲ್ಲ.

ಹಾಗಾಗಿ ಕಂಬದ ಕೆತ್ತನೆಗೆ, ಬರಿಯ ಬಂಡೆಗೆ ರೋಡಿನಾಲ್. ಆಕಾಶ ಅರ್ಧ ಚೌಕಟ್ಟು ತುಂಬಿದ್ದರೆ, ಮನುಷ್ಯರ ಮುಖವಿದ್ದರೆ ಐಡಿ-11 1+1. ಒಂದನ್ನೇ ಇಟ್ಟುಕೊಳ್ಳಬೇಕಾಗಿ ಬಂದರೆ ನನ್ನ ಕೈ ಹೋಗುವುದು ಐಡಿ-11ರ ಕಡೆಗೆ.

ನಮ್ಮ ಬೇಸಿಗೆಗೂ ಐಡಿ-11 1+1 ಹೊಂದುತ್ತದೆ. 1+1ರಲ್ಲಿ ಎಚ್‌ಪಿ5ಗೆ 20 ಡಿಗ್ರಿಯಲ್ಲಿ 13 ನಿಮಿಷ ಬೇಕು, 24 ಡಿಗ್ರಿಯಲ್ಲಿ ಸುಮಾರು 9. ನೀರು ಬೆರೆಸದೆ ಬಳಸಿದರೆ 20 ಡಿಗ್ರಿಯಲ್ಲೇ ಏಳೂವರೆ ನಿಮಿಷ. ಬಿಸಿ ಏರಿದಾಗ ಅದು ಇನ್ನೂ ಇಳಿದು, ಸುರಿಯುವುದರಲ್ಲಿ ಕ್ಷಣ ತಡವಾದರೂ ನೆಗೆಟಿವ್‌ನಲ್ಲಿ ಪಟ್ಟೆ ಬೀಳುವ ಭಯ. ಟ್ಯಾಂಕನ್ನು ಐಸ್ ಹಾಕಿದ ಬಕೆಟ್‌ನಲ್ಲಿ ಇಟ್ಟುಕೊಳ್ಳುತ್ತೇನೆ. ಡೆವಲಪರ್ ಬೆರೆಸಲು ಮತ್ತು ಕೊನೆಯ ತೊಳೆತಕ್ಕೆ ಶುದ್ಧೀಕರಿಸಿದ ನೀರನ್ನೇ ಬಳಸಿ. ಬೋರ್‌ವೆಲ್‌ನ ಗಡಸು ನೀರು ಒಣಗಿದ ಮೇಲೆ ಬಿಡುವ ಬಿಳಿ ಕಲೆ ಆಕಾಶದ ಭಾಗದಲ್ಲಿ ಬಿದ್ದರೆ ಪ್ರಿಂಟಿನಲ್ಲಿ ಮುಚ್ಚುವುದು ಬಹಳ ಕಷ್ಟ.