ಎತ್ತರಿಸಿದ ಗಾಡಿಗೆ ಯಾವ ಸ್ಟಿಯರಿಂಗ್? ದಪ್ಪ ರಾಡ್ ಕೊಳ್ಳುವ ಮೊದಲು ಓರೆ ಅಳೆಯಿರಿ

ಜಿಮ್ನಿಗೋ ಜಿಪ್ಸಿಗೋ ಲಿಫ್ಟ್ ಕಿಟ್ ಹಾಕಿಸಿ ದೊಡ್ಡ ಟೈರು ತೊಡಿಸಿದ ಮೇಲೆ ಸಕಲೇಶಪುರದ ತೋಟದ ದಾರಿಯಲ್ಲಿ ಯಾವ ತಕರಾರೂ ಕಾಣುವುದಿಲ್ಲ. ಅದು ಕಾಣುವುದು ವಾಪಸು ಬರುವಾಗ, ಹೆದ್ದಾರಿಯಲ್ಲಿ. ಸೇತುವೆಯ ಜಾಯಿಂಟ್ ಹಾದರೆ ಗಾಡಿ ತಾನಾಗಿಯೇ ಒಂದು ಮಗ್ಗುಲಿಗೆ ಎಳೆಯುತ್ತದೆ. ತಿರುವು ಮುಗಿದರೂ ಸ್ಟಿಯರಿಂಗ್ ನೇರಕ್ಕೆ ಮರಳುವುದಿಲ್ಲ. ವೇಗ ಎಪ್ಪತ್ತು ಮುಟ್ಟಿದಾಗ ಮುಂದಿನ ಚಕ್ರಗಳೆರಡೂ ಥರಥರ ಕುಣಿಯುವುದೂ ಉಂಟು. ಆಗ ಎಲ್ಲರಿಂದ ಬರುವ ಸಲಹೆ ಒಂದೇ: ‘ಹೆವಿ ಡ್ಯೂಟಿ ರಾಡ್ ಹಾಕಿಸಿ’. ದಪ್ಪ ರಾಡ್ ಕಲ್ಲಿಗೆ ಬಡಿದಾಗ ಬಾಗದೆ ಉಳಿಯುತ್ತದೆ, ಅಷ್ಟೆ. ಮೇಲೆ ಹೇಳಿದ ಮೂರು ಕಾಯಿಲೆಗಳಲ್ಲಿ ಒಂದಕ್ಕೂ ಅದು ಮದ್ದಲ್ಲ.

ಇಲ್ಲಿ ಹೇಳುವುದೆಲ್ಲ ಮುಂದೆ ಅಖಂಡ ಆಕ್ಸಲ್ (ಎರಡೂ ಚಕ್ರಗಳನ್ನು ಹೊತ್ತ ಒಂದೇ ಗಟ್ಟಿ ದಂಡ) ಇರುವ ಗಾಡಿಗಳಿಗೆ: ಜಿಮ್ನಿ, ಜಿಪ್ಸಿ, ಜೀಪ್ ರ‍್ಯಾಂಗ್ಲರ್. 2020ರ ನಂತರದ ಥಾರ್‌ನ ಮುಂದಿನ ಚಕ್ರಗಳು ಒಂದಕ್ಕೊಂದು ಅಂಟದ ಸಸ್ಪೆನ್ಷನ್ನಿನವು, ಅದರ ಲೆಕ್ಕವೇ ಬೇರೆ.

ಅಡಿಗೆ ಮಲಗಿ ನೋಡಿ

ಸ್ಟಿಯರಿಂಗ್ ಬಾಕ್ಸ್ ಚಾಸಿಗೆ ಬಿಗಿದಿರುತ್ತದೆ. ಅದರಿಂದ ಇಳಿಬಿದ್ದ ತುಂಡು ಪಿಟ್‌ಮನ್ ಆರ್ಮ್. ಅಲ್ಲಿಂದ ಅಡ್ಡಲಾಗಿ ಆಚೆ ಬದಿಯ ಚಕ್ರದ ನಕಲ್‌ಗೆ ಹೋಗುವುದು ಡ್ರ್ಯಾಗ್ ಲಿಂಕ್. ನಕಲ್ ಅಂದರೆ ಚಕ್ರ ಕೂರುವ, ಅದರೊಂದಿಗೆ ಎಡಬಲ ತಿರುಗುವ ಲೋಹದ ತುಂಡು. ಎರಡೂ ನಕಲ್‌ಗಳನ್ನು ಜೋಡಿಸುವುದು ಟೈ ರಾಡ್. ಕಾಯಿಲ್ ಸ್ಪ್ರಿಂಗಿನ ಗಾಡಿಯಲ್ಲಿ ಇವುಗಳ ಜತೆಗೆ ಪಾನ್‌ಹಾರ್ಡ್ ರಾಡ್ ಇರುತ್ತದೆ. ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. ಆಕ್ಸಲ್ ಅಡ್ಡಡ್ಡ ಸರಿಯದಂತೆ ಹಿಡಿದುಕೊಳ್ಳುವುದು ಅದರ ಕೆಲಸ.

ಡ್ರ್ಯಾಗ್ ಲಿಂಕ್ ಮತ್ತು ಪಾನ್‌ಹಾರ್ಡ್ ಒಂದೇ ನೊಗದ ಜೋಡೆತ್ತು. ಉದ್ದವೂ ಓರೆಯೂ ಹೆಚ್ಚುಕಡಿಮೆ ಸಮನಾಗಿದ್ದರೆ ಚಕ್ರ ಮೇಲೆ ಕೆಳಗೆ ಆಡಿದಾಗ ಎರಡೂ ಒಂದೇ ಕಮಾನಿನಲ್ಲಿ ಚಲಿಸುತ್ತವೆ, ಸ್ಟಿಯರಿಂಗ್‌ಗೆ ಏನೂ ಗೊತ್ತಾಗುವುದಿಲ್ಲ. ಒಂದರ ಓರೆ ಬದಲಾಗಿ ಇನ್ನೊಂದರದು ಹಾಗೇ ಉಳಿದರೆ ಪ್ರತಿ ಗುಂಡಿಯೂ ನಿಮ್ಮ ಪರವಾಗಿ ಸ್ಟಿಯರಿಂಗ್ ತಿರುಗಿಸುತ್ತದೆ. ಇದನ್ನೇ ಬಂಪ್ ಸ್ಟಿಯರ್ ಅನ್ನುವುದು.

ಎಷ್ಟು ತಿರುಗಿಸುತ್ತದೆ? ಎರಡೂ ರಾಡ್ 900 ಮಿ.ಮೀ. ಉದ್ದ ಎಂದಿಟ್ಟುಕೊಳ್ಳಿ. ಲಿಫ್ಟ್ ಆದ ಮೇಲೆ ಎರಡರ ಚಾಸಿ ಕಡೆಯ ತುದಿಯೂ ಆಕ್ಸಲ್ ಕಡೆಯ ತುದಿಗಿಂತ 75 ಮಿ.ಮೀ. ಮೇಲಿದೆ. ಓರೆ ಜಾಸ್ತಿಯಾಯಿತೆಂದು ಯಾರೋ ತುದಿ ಹೆಚ್ಚು ಕೆಳಗಿರುವ ಡ್ರಾಪ್ ಪಿಟ್‌ಮನ್ ಆರ್ಮ್ ಹಾಕಿ ಡ್ರ್ಯಾಗ್ ಲಿಂಕನ್ನು ಮಾತ್ರ 50 ಮಿ.ಮೀ. ಇಳಿಸಿದರು. ಈಗ ಚಕ್ರಗಳು 50 ಮಿ.ಮೀ. ಮೇಲೇರಿದರೆ ಪಾನ್‌ಹಾರ್ಡ್ ಇಡೀ ಆಕ್ಸಲನ್ನು ಸುಮಾರು 2.8 ಮಿ.ಮೀ. ಪಕ್ಕಕ್ಕೆ ತಳ್ಳುತ್ತದೆ, ಡ್ರ್ಯಾಗ್ ಲಿಂಕಿನ ತುದಿ ಮಾತ್ರ ಇದ್ದಲ್ಲೇ ಇರುತ್ತದೆ. ನಕಲ್ ತೋಳು 150 ಮಿ.ಮೀ. ಇದ್ದರೆ ಚಕ್ರ ಒಂದು ಡಿಗ್ರಿಗೂ ತುಸು ಹೆಚ್ಚೇ ತಿರುಗಿತು. 2,590 ಮಿ.ಮೀ. ವೀಲ್‌ಬೇಸಿನ ಐದು ಬಾಗಿಲ ಜಿಮ್ನಿಗೆ ಅದು 140 ಮೀಟರ್ ತ್ರಿಜ್ಯದ ತಿರುವಿಗೆ ಸಮ. ನೇರ ರಸ್ತೆಯಲ್ಲಿ, ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದಿರುವಾಗಲೇ!

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರ ನೇರ ಮಾಡಿ, ಎರಡೂ ರಾಡ್‌ಗಳ ಎರಡೂ ತುದಿ ನೆಲದಿಂದ ಎಷ್ಟು ಎತ್ತರ ಎಂದು ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ಅಳೆಯಬೇಕಾದ್ದು ಬಾಲ್ ಜಾಯಿಂಟಿನ ಅಥವಾ ಬೋಲ್ಟಿನ ನಡುಬಿಂದುವನ್ನು. ರಾಡ್ ನಡುವೆ ಬಾಗಿದ್ದರೂ ಲೆಕ್ಕಕ್ಕೆ ಬರುವುದು ಆ ಎರಡು ಬಿಂದುಗಳ ನಡುವಿನ ನೇರ ಗೆರೆ ಮಾತ್ರ.

ಸಡಿಲ ಹುಡುಕದೆ ಹಣ ಬಿಚ್ಚಬೇಡಿ

ಚಕ್ರ ನೆಲದ ಮೇಲಿರಲಿ, ಎಂಜಿನ್ ಓಡುತ್ತಿರಲಿ. ಒಬ್ಬರು ಸ್ಟಿಯರಿಂಗನ್ನು ಗಡಿಯಾರದ 10ರಿಂದ 2ರವರೆಗೆ ಎಡಬಲ ಆಡಿಸುತ್ತಿರಲಿ. ಇನ್ನೊಬ್ಬರು ಕೆಳಗೆ ಕೂತು ಪ್ರತಿ ಜಾಯಿಂಟಿನ ಮೇಲೂ ಬೆರಳಿಟ್ಟು ನೋಡಲಿ. ಸಡಿಲ ಕಣ್ಣಿಗೆ ಕಾಣುವುದಕ್ಕಿಂತ ಮೊದಲು ಬೆರಳಿಗೆ ‘ಟಕ್’ ಎನ್ನುತ್ತದೆ. ಪಾನ್‌ಹಾರ್ಡ್ ಬೋಲ್ಟನ್ನು ಬಿಚ್ಚಿಯೇ ನೋಡಿ. ಬ್ರಾಕೆಟ್ಟಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಚಕ್ರ ಕುಣಿಯುವ ರೋಗದ ಮೂಲ ಬಹಳ ಸಲ ಇಲ್ಲೇ ಸಿಗುತ್ತದೆ.

ಆಮೇಲೆ ಜ್ಯಾಕ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಆಟ ಸಿಕ್ಕರೆ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ. ಆಟ ಮಾಯವಾದರೆ ವೀಲ್ ಬೇರಿಂಗ್ ಹೋಗಿದೆ, ಉಳಿದರೆ ನಕಲ್ ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಜಿಮ್ನಿಯಲ್ಲಿ ಕಿಂಗ್‌ಪಿನ್ ಮೇಲೆ ಮೊದಲ ಅನುಮಾನ ಪಡುವುದು ಒಳ್ಳೆಯದು. ಇದನ್ನೆಲ್ಲ ಬಿಟ್ಟು ನೇರವಾಗಿ ಹೊಸ ಸ್ಟಿಯರಿಂಗ್ ಡ್ಯಾಂಪರ್ (ಅಲುಗಾಟ ತಗ್ಗಿಸುವ ಶಾಕ್ ಅಬ್ಸಾರ್ಬರ್) ಹಾಕಿಸಿದರೆ ನಡುಕ ಕೆಲವು ದಿನ ಅಡಗಿರುತ್ತದೆ, ಸವೆತ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ.

ಸ್ಟಿಯರಿಂಗ್ ನೇರಕ್ಕೆ ಮರಳದಿದ್ದರೆ ಬಹಳ ಸಲ ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗಿರುತ್ತದೆ. ಗಾಡಿ ಎದ್ದಾಗ ಆಕ್ಸಲನ್ನು ಹಿಡಿದ ತೋಳುಗಳು ಓರೆಯಾಗಿ ಆಕ್ಸಲನ್ನೂ ಜತೆಗೆ ತಿರುಗಿಸುತ್ತವೆ. 700 ಮಿ.ಮೀ. ಉದ್ದದ ತೋಳಾದರೆ 50 ಮಿ.ಮೀ. ಲಿಫ್ಟಿಗೆ ಸುಮಾರು 4 ಡಿಗ್ರಿ ಹೋಯಿತು. ಇದಕ್ಕೆ ಕ್ಯಾಸ್ಟರ್ ತಿದ್ದುವ ಬುಷ್ ಅಥವಾ ಬ್ರಾಕೆಟ್ ಬೇಕು. ಪಟ್ಟಿ ಸ್ಪ್ರಿಂಗಿನ ಗಾಡಿಗೆ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬೆಣೆಯಂಥ ಶಿಮ್ ಕೊಡಬೇಕು, ಅಲ್ಯೂಮಿನಿಯಂ ಬೇಡ, ಉಕ್ಕಿನದೇ ಇರಲಿ. ಆದರೆ ಕ್ಯಾಸ್ಟರ್ ಹೆಚ್ಚಿಸಿದಷ್ಟೂ ಡಿಫರೆನ್ಷಿಯಲ್‌ನ ಮೂತಿ ಕೆಳಗಾಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಅದುರತೊಡಗುತ್ತದೆ. ಕಳೆದುಕೊಂಡ ಅಷ್ಟನ್ನೂ ಮರಳಿ ಪಡೆಯುವ ಹಟ ಬೇಡ.

ಎತ್ತರಕ್ಕೆ ತಕ್ಕ ಸೆಟಪ್

50 ಮಿ.ಮೀ.ವರೆಗಿನ ಲಿಫ್ಟಿಗೆ ಡ್ರ್ಯಾಗ್ ಲಿಂಕನ್ನು ಮುಟ್ಟಬೇಕಾಗಿಲ್ಲ. ಉದ್ದ ಹೊಂದಿಸಬಹುದಾದ ಪಾನ್‌ಹಾರ್ಡ್, ಕ್ಯಾಸ್ಟರ್ ತಿದ್ದುಪಡಿ, ರಾಡಿನ ತುದಿಯ ಬಾಲ್ ಜಾಯಿಂಟ್ ಆದ ಹೊಸ ಟೈ ರಾಡ್ ಎಂಡ್‌ಗಳು ಸಾಕು. ರಾಡಿನ ಆಸೆಯಿದ್ದರೆ ಟೈ ರಾಡ್ ಮಾತ್ರ ದಪ್ಪದ್ದು ಹಾಕಿಸಿ. ಡ್ರ್ಯಾಗ್ ಲಿಂಕ್ ಕಂಪನಿಯದೇ ಇದ್ದರೆ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಚಕ್ರ ಬಂಡೆಗೆ ಬಡಿದಾಗ ಅದು ಬಾಗಿ ಬಾಕ್ಸನ್ನು ಉಳಿಸುತ್ತದೆ. ಅದೂ ಬಾಗದಷ್ಟು ಗಟ್ಟಿಯಾದರೆ ಏಟು ನೇರ ಬಾಕ್ಸಿನ ಶಾಫ್ಟಿಗೆ, ಅಲ್ಲಿಂದ ಚಾಸಿಯ ಬೆಸುಗೆಗೆ.

75 ಮಿ.ಮೀ. ದಾಟಿ 100ರ ಆಸುಪಾಸಿಗೆ ಬಂದರೆ ಓರೆಯನ್ನೇ ತಿದ್ದಬೇಕು. ಒಳ್ಳೆಯ ಹಾದಿ ಡ್ರ್ಯಾಗ್ ಲಿಂಕ್ ಫ್ಲಿಪ್. ರ‍್ಯಾಂಗ್ಲರ್ ಜೆಕೆ ಮಾದರಿಯಲ್ಲಿ ಡ್ರ್ಯಾಗ್ ಲಿಂಕ್ ಎಂಡ್ ನಕಲ್‌ನ ಕಿವಿಗೆ ಕೆಳಗಿನಿಂದ ಕೂತಿರುತ್ತದೆ. ಕಿವಿಯ ತೂತು ಕೊರೆದು ಸ್ಲೀವ್ ಕೂರಿಸಿ ಅದನ್ನು ಮೇಲಿನಿಂದ ಇಳಿಸುತ್ತಾರೆ. ಪಾನ್‌ಹಾರ್ಡಿನ ಆಕ್ಸಲ್ ಕಡೆಯ ಬ್ರಾಕೆಟ್ಟನ್ನೂ ಅಷ್ಟೇ ಎತ್ತರಿಸುವುದು ಕಡ್ಡಾಯ. ಜೋಡೆತ್ತಿನ ಮಾತು ಮತ್ತೆ ನೆನಪಿಸಿಕೊಳ್ಳಿ. ರಾಡ್ ಮೇಲಕ್ಕೆ ಹೋದ್ದರಿಂದ ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಚಾಸಿಗೆ ತಗಲಬಹುದು, ಆಕ್ಸಲ್ ಮೇಲೇರುವುದನ್ನು ತಡೆಯುವ ಬಂಪ್ ಸ್ಟಾಪ್ ಉದ್ದ ಮಾಡಬೇಕಾಗುತ್ತದೆ.

ಡ್ರಾಪ್ ಪಿಟ್‌ಮನ್ ಆರ್ಮ್ ಅಗ್ಗ. ಚಾಸಿ ಕಡೆಯ ಪಾನ್‌ಹಾರ್ಡ್ ಬ್ರಾಕೆಟ್ಟನ್ನೂ ಅಷ್ಟೇ ಇಳಿಸುವುದಾದರೆ ಮಾತ್ರ ಅದನ್ನು ಯೋಚಿಸಿ. ಕೆಳಗಿಳಿದ ತೋಳು ಬಾಕ್ಸಿನ ಶಾಫ್ಟನ್ನು ಹೆಚ್ಚು ಬಗ್ಗಿಸಲು ನೋಡುತ್ತದೆ ಎಂಬುದು ಗಮನದಲ್ಲಿರಲಿ.

ಜಿಪ್ಸಿಯ ಮಾತು ಬೇರೆ. ಪಟ್ಟಿ ಸ್ಪ್ರಿಂಗೇ ಆಕ್ಸಲನ್ನು ಹಿಡಿದಿರುವುದರಿಂದ ಡ್ರ್ಯಾಗ್ ಲಿಂಕ್ ಆದಷ್ಟು ಮಟ್ಟಸವಾಗಿರಬೇಕು. ಸ್ಪ್ರಿಂಗನ್ನು ಆಕ್ಸಲ್‌ನ ಮೇಲಕ್ಕೆ ಏರಿಸಿದವರು ಅದಕ್ಕೆ ತಗಲದಂತೆ ಝಡ್ ಆಕಾರಕ್ಕೆ ಬಗ್ಗಿಸಿದ ಡ್ರ್ಯಾಗ್ ಲಿಂಕ್ ಹಾಕಿಸುವುದುಂಟು. ಬಗ್ಗಿದ ರಾಡನ್ನು ತಳ್ಳಿದರೆ ಮೊದಲು ಅದೇ ಸ್ಪ್ರಿಂಗಿನಂತೆ ಮಣಿಯುತ್ತದೆ, ಆಮೇಲೆ ಚಕ್ರ ತಿರುಗುತ್ತದೆ. ನಕಲ್ ಮೇಲೆ ಹೊಸ ತೋಳು ಕೂರಿಸುವ ಹೈ ಸ್ಟಿಯರ್ ದುಬಾರಿಯಾದರೂ ಸರಿಯಾದ ದಾರಿ.

ಅಮೆರಿಕದಲ್ಲಿ 1997ರಿಂದ 2006ರವರೆಗೆ ಬಂದ ರ‍್ಯಾಂಗ್ಲರ್ ಟಿಜೆಯಲ್ಲಿ ಟೈ ರಾಡ್ ನಕಲ್‌ನಿಂದ ನಕಲ್‌ಗೆ ಹೋಗದೆ ಡ್ರ್ಯಾಗ್ ಲಿಂಕಿನ ಮಧ್ಯಕ್ಕೆ ಸೇರುತ್ತಿತ್ತು. ಓರೆ ಬದಲಾದರೆ ಟೋ, ಅಂದರೆ ಎರಡು ಚಕ್ರಗಳ ಮುಂದಿನ ಅಂತರಕ್ಕೂ ಹಿಂದಿನ ಅಂತರಕ್ಕೂ ಇರುವ ವ್ಯತ್ಯಾಸವೇ, ಬದಲಾಗುತ್ತಿತ್ತು. ಅಲ್ಲಿನವರು ವಿ8 ಗ್ರ್ಯಾಂಡ್ ಚೆರೋಕಿಯ ಗಟ್ಟಿ ರಾಡ್ ತಂದು ಹಾಕಿಕೊಂಡರು. ಬಾಗುವುದು ತಪ್ಪಿತು, ಟೋ ಬದಲಾಗುವುದು ತಪ್ಪಲಿಲ್ಲ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದ ವಿವರಗಳು ಕಂಪನಿ ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡಿಗೆ ಅವಕಾಶವಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಇದು ತಿಳಿದೇ ಮುಂದುವರಿಯಿರಿ.

ರಾಡ್ ಮತ್ತು ಎಂಡ್

25 ಮಿ.ಮೀ. ಗಟ್ಟಿ ಸರಳೂ, ಹೊರವ್ಯಾಸ 32 ಮಿ.ಮೀ., ಗೋಡೆ 6 ಮಿ.ಮೀ. ಇರುವ ಪೈಪೂ ತೂಕದಲ್ಲಿ ಒಂದೇ. ಆದರೆ ಪೈಪಿನ ಬಿಗುವು ಎರಡು ಪಟ್ಟಿಗಿಂತ ಹೆಚ್ಚು. ಹಾಗಾಗಿ ‘ಸಾಲಿಡ್ ರಾಡ್ ಸಾರ್’ ಎಂಬ ಮಾತಿಗೆ ಮರುಳಾಗಬೇಡಿ. ಪೈಪ್ ಸೀಮ್‌ಲೆಸ್ ಇರಬೇಕು. ಹಳೆಯ ರಾಡ್ ಕತ್ತರಿಸಿ ಬೆಸೆದು ಉದ್ದ ಮಾಡಿಸುವುದು, ಬಾಗಿದ್ದನ್ನು ಗ್ಯಾಸ್‌ನಲ್ಲಿ ಕಾಯಿಸಿ ನೆಟ್ಟಗೆ ಮಾಡಿಸುವುದು, ಎರಡೂ ಕೂಡದು.

ತುದಿಗೆ ರಬ್ಬರ್ ಬೂಟ್ ಇರುವ ಮಾಮೂಲಿ ಟೈ ರಾಡ್ ಎಂಡೇ ರಸ್ತೆಯ ಗಾಡಿಗೆ ಸರಿ. ಹೀಮ್ ಜಾಯಿಂಟ್ (ಬಳೆಯೊಳಗೆ ಲೋಹದ ಗುಂಡು ತಿರುಗುವ ಜಾಯಿಂಟ್) ಹೆಚ್ಚು ಓರೆಗೆ ಒಗ್ಗುತ್ತದೆ, ಆದರೆ ಬಯಲಿಗೆ ತೆರೆದಿರುವುದರಿಂದ ಮಲೆನಾಡಿನ ಕೆಂಪು ಕೆಸರು ಒಂದೇ ಮಳೆಗಾಲದಲ್ಲಿ ಅದನ್ನು ಸಡಿಲ ಮಾಡಬಲ್ಲದು. ಎಂಡಿನ ಥ್ರೆಡ್ ವ್ಯಾಸದ ಒಂದೂವರೆ ಪಟ್ಟಾದರೂ ರಾಡಿನೊಳಗಿರಬೇಕು: 18 ಮಿ.ಮೀ. ಥ್ರೆಡ್‌ಗೆ 27 ಮಿ.ಮೀ.

ಎಂಡಿನ ಟೇಪರ್ (ತುದಿಯ ಕಡೆಗೆ ಕಿರಿದಾಗುವ ಪಿನ್) ನಕಲ್‌ನ ತೂತಿಗೆ ಹೊಂದುತ್ತದೆಯೇ ಎಂದು ತಿಳಿಯಲು ಟೇಪರ್ ಮೇಲೆ ಮಾರ್ಕರ್‌ನಿಂದ ಗೆರೆಗಳೆಳೆದು ತೂತಿಗೆ ಒತ್ತಿ ತಿರುಗಿಸಿ ತೆಗೆಯಿರಿ. ಶಾಯಿ ಉದ್ದಕ್ಕೂ ಉಜ್ಜಿಹೋಗಿದ್ದರೆ ಸರಿ. ಒಂದು ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಆ ಎಂಡ್ ನಿಮ್ಮ ಗಾಡಿಯದಲ್ಲ.

ಜೋಡಿಸುವ ಕ್ರಮ

ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕು. ಮೊದಲು ಕ್ಯಾಸ್ಟರ್, ಆಮೇಲೆ ಪಾನ್‌ಹಾರ್ಡ್ ಹೊಂದಿಸಿ ಆಕ್ಸಲನ್ನು ಚಾಸಿಯ ನಡುವಿಗೆ ತರುವುದು, ಮೂರನೆಯದು ಟೋ, ಕಡೆಗೆ ಡ್ರ್ಯಾಗ್ ಲಿಂಕ್. ಪಾನ್‌ಹಾರ್ಡ್ ಬೋಲ್ಟನ್ನು ಗಾಡಿ ತನ್ನ ಭಾರದಲ್ಲಿ ನಿಂತಿರುವಾಗಲೇ ಬಿಗಿಯಬೇಕು. ಜ್ಯಾಕ್ ಮೇಲಿದ್ದಾಗ ಬಿಗಿದರೆ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಟೋ ಮನೆಯಲ್ಲೇ ನೋಡಬಹುದು. ಚಕ್ರ ಎತ್ತಿ ತಿರುಗಿಸುತ್ತಾ ಎರಡೂ ಟೈರಿನ ನಡುವೆ ಸುತ್ತಲೂ ಸೀಮೆಸುಣ್ಣದ ಗೆರೆ ಎಳೆಯಿರಿ. ಇಳಿಸಿ ತುಸು ಮುಂದೆ ಉರುಳಿಸಿ. ಹಬ್‌ನ ಎತ್ತರದಲ್ಲಿ ಗೆರೆಯಿಂದ ಗೆರೆಗೆ ಮುಂದೊಮ್ಮೆ, ಹಿಂದೊಮ್ಮೆ ಅಳೆಯಿರಿ. ಮುಂದಿನದು 1.5ರಿಂದ 3 ಮಿ.ಮೀ. ಕಡಿಮೆ ಇರಲಿ.

ಬಾಕ್ಸಿನ ನಡುಬಿಂದು ಕಂಡುಕೊಳ್ಳಲು ಡ್ರ್ಯಾಗ್ ಲಿಂಕ್ ಕಳಚಿ, ಸ್ಟಿಯರಿಂಗನ್ನು ಒಂದು ಕೊನೆಯಿಂದ ಇನ್ನೊಂದಕ್ಕೆ ಸುತ್ತು ಎಣಿಸಿ, ಅರ್ಧಕ್ಕೆ ನಿಲ್ಲಿಸಿ. ಚಕ್ರ ನೇರ ಇಟ್ಟು ಲಿಂಕಿನ ಉದ್ದವನ್ನು ಅದಕ್ಕೆ ಹೊಂದಿಸಿ. ಸ್ಟಿಯರಿಂಗ್ ಸೊಟ್ಟಗಿದ್ದರೆ, ಗಾಡಿ ಜಾರದಂತೆ ತಾನೇ ಬ್ರೇಕ್ ಹಾಕುವ ಜಿಮ್ನಿಯ ಇಎಸ್‌ಪಿ ‘ಗಾಡಿ ತಿರುಗುತ್ತಿದೆ’ ಎಂದು ತಪ್ಪು ತಿಳಿದು ದೀಪ ಹೊತ್ತಿಸಬಹುದು, ಬೇಡದ ಕಡೆ ಬ್ರೇಕೂ ಹಾಕಬಹುದು.

ಕ್ಯಾಸಲ್ ನಟ್ಟಿನ ಸೀಳು ಪಿನ್ನಿನ ತೂತಿಗೆ ಹೊಂದದಿದ್ದರೆ ಮುಂದಿನ ಸೀಳಿಗೆ ಬಿಗಿಯಿರಿ, ಹಿಂದಕ್ಕೆ ಸಡಿಲಿಸಬೇಡಿ. ಒಂದು ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಸ್ಟಿಯರಿಂಗ್ ಎರಡೂ ಕೊನೆಗೆ ತಿರುಗಿಸಿ, ರಾಡ್‌ಗಳಿಗೂ ಡಿಫರೆನ್ಷಿಯಲ್ ಕವರಿಗೂ ಕನಿಷ್ಠ 10 ಮಿ.ಮೀ. ಜಾಗ ಇದೆಯೇ, ಬ್ರೇಕ್ ಹೋಸ್ ಎಳೆದುಕೊಳ್ಳುತ್ತಿಲ್ಲವೇ ನೋಡಿ. ಪ್ರತಿ ನಟ್ಟು ಬೋಲ್ಟಿನ ಮೇಲೆ ಬಣ್ಣದ ಗೆರೆ ಎಳೆದಿಡಿ. 100 ಕಿ.ಮೀ. ಓಡಿಸಿ ಬಂದು ಮತ್ತೆ ಅಡಿಗೆ ಮಲಗಿ. ಯಾವ ಗೆರೆ ಜರುಗಿದೆಯೋ ಅದನ್ನು ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ಬಿಗಿಯಿರಿ.